ಎದುರಿಗಿಲ್ಲದ ಜೊತೆಗಾರ, ಹದಿನೈದೇ ಮಾತು

ಆಲೂರು ತಾಲ್ಲೂಕಿನ ಪಾಳ್ಯದ ಕಡೆ ಮಳೆಗಾಲದಲ್ಲಿ ಕತ್ತಲಾಗುವ ಮುಂಚೆ ಮನೆ ಸೇರಿಬಿಡುತ್ತಾರೆ. ಒಂದು ಕಾರಣ ಮಳೆ, ಇನ್ನೊಂದು ಆನೆ. ಆಲೂರು, ಸಕಲೇಶಪುರದ ತೋಟಗಳಲ್ಲಿ ಕಾಡಾನೆ ಯಾವ ಕಡೆ ಇದೆ ಎಂಬ ಸಂದೇಶ ಮೊಬೈಲಿಗೆ ಬಂದಮೇಲೆ ಜೀಪು ತೆಗೆದು ಕ್ಲಬ್ಬಿಗೆ ಹೊರಡುವ ಧೈರ್ಯ ಯಾರಿಗೂ ಇರುವುದಿಲ್ಲ. ಹೊರಟರೂ ಘಾಟಿಯ ಗಾಳಿಗೆ ಮರ ಬಿದ್ದ ರಸ್ತೆಯಲ್ಲಿ ವಾಪಸು ಬರುವುದು ಖಾತ್ರಿಯಿಲ್ಲ.

ಇಂಥದೊಂದು ರಾತ್ರಿ ಎಂಟು ಗಂಟೆ ಎಂದಿಟ್ಟುಕೊಳ್ಳಿ. ತೋಟದ ಮನೆಯಲ್ಲಿ ಭಾವ ಟ್ಯಾಬ್ ತೆರೆದು ಕೂತಿದ್ದಾರೆ. ಅವರ ಜೊತೆಗಾರ ಬೆಂಗಳೂರಿನ ಫ್ಲ್ಯಾಟಿನಲ್ಲಿರುವ ಭಾಮೈದ. ಎದುರಾಳಿಗಳು ಯಾರೋ, ಪೋಲೆಂಡಿನವರೋ ಕೋಲ್ಕತ್ತದವರೋ, ಹೆಸರಿನ ಪಕ್ಕ ಒಂದು ಪುಟ್ಟ ಬಾವುಟವಷ್ಟೇ ಕಾಣುತ್ತದೆ. ಆಟ ಬ್ರಿಡ್ಜ್. ಹತ್ತು ಗಂಟೆಗೆ ಆಟ ಮುಗಿಯುತ್ತದೆ, ಫೋನು ರಿಂಗಾಗುತ್ತದೆ.

'ಭಾವ, ಆ ಏಳನೇ ಬೋರ್ಡಲ್ಲಿ ನಾನು ಪಾಸ್ ಹೇಳಿದ್ದು ಒಳ್ಳೇದಾಯ್ತು ನೋಡಿ. ಅದೇ ಎಲೆ ಹಿಡಿದ ಇನ್ನೊಂದು ಟೇಬಲ್ಲಿನವರು ನಾಲ್ಕಕ್ಕೆ ಹೋಗಿ ಸೋತ್ರು.'

'ಒಳ್ಳೇದಾಯ್ತು ಕಣೋ, ಅದು ಸರಿ. ಆದ್ರೆ ನೀನು ಮಾಡಿದ್ದು ಸರಿಯಾಯ್ತಾ?'

ಒಳ್ಳೆಯದಾಗುವುದು ಬೇರೆ, ಸರಿಯಾಗುವುದು ಬೇರೆ. ಬ್ರಿಡ್ಜ್ ಆಡುವವರು ಆಟ ಮುಗಿದಮೇಲೂ ಗಂಟೆಗಟ್ಟಲೆ ಮಾತಾಡುವುದು ಈ ವ್ಯತ್ಯಾಸದ ಬಗ್ಗೆಯೇ. ಅಂತರ್ಜಾಲ ಈ ಆಟಕ್ಕೆ ಕೊಟ್ಟ ನಿಜವಾದ ಉಡುಗೊರೆಯೂ ಆ ಮಾತಿನಲ್ಲೇ ಇದೆ.

ಇಸ್ಪೀಟಿನ ಕಳಂಕ

ಕನ್ನಡದಲ್ಲಿ ಎಲೆಯಾಟಕ್ಕೆ ಒಳ್ಳೆಯ ಹೆಸರಿಲ್ಲ. ನಾಲ್ಕು ಜಾತಿಗಳಲ್ಲಿ ಒಂದಾದ ಇಸ್ಪೀಟಿನ ಹೆಸರು ಇಡೀ ಆಟಕ್ಕೇ ಅಂಟಿಕೊಂಡಿದೆ, ಪತ್ರಿಕೆಯಲ್ಲಿ ಆ ಪದ ಕಂಡರೆ ಮುಂದಿನ ಪದ 'ಅಡ್ಡೆ', ಅದರ ಮುಂದಿನದು 'ದಾಳಿ'. ಅಂದರ್ ಬಾಹರ್‌ನಲ್ಲಿ ಎಲೆ ಯಾವ ಕಡೆ ಬೀಳುತ್ತದೆ ಎನ್ನುವುದಕ್ಕೆ ಬುದ್ಧಿ ಬೇಕಿಲ್ಲ, ಹಾಗಾಗಿ ಅದು ಜೂಜು. ಬ್ರಿಡ್ಜಿನ ಮರ್ಯಾದೆ ಬೇರೆ. 1968ರಲ್ಲಿ ಸುಪ್ರೀಂ ಕೋರ್ಟ್ ರಮ್ಮಿಯನ್ನು ಕೌಶಲದ ಆಟವೆಂದು ಹೇಳುವಾಗ ಹೋಲಿಕೆಗೆ ಎತ್ತಿಕೊಂಡದ್ದೇ ಬ್ರಿಡ್ಜನ್ನು. ಎಲೆ ಹಂಚುವಾಗ ಎಷ್ಟು ಅದೃಷ್ಟವಿದೆಯೋ ಅಷ್ಟೇ, ಉಳಿದದ್ದು ನೆನಪು ಮತ್ತು ಜಾಣ್ಮೆ ಎಂಬುದು ಅದರ ತಾತ್ಪರ್ಯ.

2018ರಲ್ಲಿ ಜಕಾರ್ತದ ಏಷ್ಯನ್ ಕ್ರೀಡಾಕೂಟಕ್ಕೆ ಬ್ರಿಡ್ಜ್ ಮೊದಲ ಬಾರಿ ಸೇರಿತು. ಪುರುಷರ ಜೋಡಿ ವಿಭಾಗದಲ್ಲಿ ಪಶ್ಚಿಮ ಬಂಗಾಳದ ಪ್ರಣಬ್ ಬರ್ಧನ್ ಮತ್ತು ಶಿಬನಾಥ್ ಸರ್ಕಾರ್ ಚಿನ್ನ ಗೆದ್ದರು. ಬರ್ಧನ್‌ಗೆ ಆಗ ಅರವತ್ತು ವರ್ಷ. 2023ರಲ್ಲಿ ನಡೆದ ಹಾಂಗ್‌ಝೌ ಕೂಟದಲ್ಲಿ ಭಾರತದ ಪುರುಷರ ತಂಡ ಬೆಳ್ಳಿ ತಂದಿತು. ಮೊಮ್ಮಕ್ಕಳನ್ನು ಆಡಿಸುವ ವಯಸ್ಸಿನಲ್ಲಿ ದೇಶಕ್ಕೆ ಪದಕ ತರಬಹುದಾದ ಆಟಗಳು ಹೆಚ್ಚೇನೂ ಇಲ್ಲ.

ಮಲೆನಾಡಿಗೆ ಬ್ರಿಡ್ಜ್ ತೀರಾ ಪರಕೀಯವೂ ಅಲ್ಲ. ಹತ್ತೊಂಬತ್ತನೇ ಶತಮಾನದ ನಡುವಿನಿಂದ ಮಂಜರಾಬಾದ್ ಸೀಮೆಯಲ್ಲಿ ಬಿಳಿಯರು ಕಾಫಿ ತೋಟ ಮಾಡಿದರು, ಅವರ ಹಿಂದೆಯೇ ಬೆಳೆಗಾರರ ಕ್ಲಬ್ಬುಗಳು ಬಂದವು. ಬಿಲಿಯರ್ಡ್ಸ್ ಮೇಜು, ಟೆನಿಸ್ ಅಂಕಣ, ಎಲೆಯಾಟದ ಕೋಣೆ ಇಂಥ ಕ್ಲಬ್ಬುಗಳ ಲಕ್ಷಣ. ಈಗಿನ ಬ್ರಿಡ್ಜ್ ಅದಕ್ಕಿಂತ ಎಳೆಯದು: 1925ರಲ್ಲಿ ಅಮೆರಿಕದ ಶ್ರೀಮಂತ ಹೆರಾಲ್ಡ್ ವ್ಯಾಂಡರ್‌ಬಿಲ್ಟ್ ಪನಾಮಾ ಕಾಲುವೆ ದಾಟುವ ಹಡಗಿನಲ್ಲಿ ಕೂತು ಇದರ ಅಂಕಗಳ ಲೆಕ್ಕ ಕಟ್ಟಿದ. ತೋಟದ ಬದುಕಿನಲ್ಲಿ ಈ ಆಟಕ್ಕಿದ್ದ ದೊಡ್ಡ ತೊಡಕು ಒಂದೇ: ನಾಲ್ಕು ಜನ ಬೇಕು. ಮೈಲಿಗೊಂದು ಮನೆಯಿರುವ ಕಡೆ ಮೂವರು ಸೇರಿ ನಾಲ್ಕನೆಯವರಿಗೆ ಕಾಯುವುದರಲ್ಲೇ ಸಂಜೆ ಕಳೆದುಹೋಗುತ್ತದೆ.

ಕೂಗಾಟವೇ ಆಟ

ಮಲೆನಾಡಿನಲ್ಲೋ ಕರಾವಳಿಯಲ್ಲೋ 'ಇಪ್ಪತ್ತೆಂಟು' ಆಡಿದವರಿಗೆ ಬ್ರಿಡ್ಜಿನ ಅರ್ಧ ಪಾಠ ಮೊದಲೇ ಗೊತ್ತು. ಎದುರುಬದುರು ಕೂತ ಇಬ್ಬರು ಒಂದು ಕಡೆ, ಎಷ್ಟು ಮಾಡುತ್ತೇವೆಂದು ಕೂಗಬೇಕು, ಹೆಚ್ಚು ಕೂಗಿದವರ ತುರುಪು. ಬ್ರಿಡ್ಜಿನಲ್ಲಿ ಐವತ್ತೆರಡೂ ಎಲೆ ಇರುತ್ತವೆ, ಒಬ್ಬೊಬ್ಬರಿಗೆ ಹದಿಮೂರು. ನಾಲ್ವರೂ ಒಂದೊಂದು ಎಲೆ ಹಾಕಿದರೆ ಒಂದು ಸುತ್ತು. ಅದನ್ನು ಗೆದ್ದರೆ ಒಂದು ಟ್ರಿಕ್, ಒಟ್ಟು ಹದಿಮೂರು ಟ್ರಿಕ್. ಕೂಗುವಾಗ ಮೊದಲ ಆರು ಲೆಕ್ಕಕ್ಕಿಲ್ಲ. 'ಒಂದು ಇಸ್ಪೀಟು' ಎಂದರೆ ಇಸ್ಪೀಟು ತುರುಪಾಗಿ ಏಳು ಟ್ರಿಕ್, 'ನಾಲ್ಕು ಇಸ್ಪೀಟು' ಎಂದರೆ ಹತ್ತು. ಕಳಾವರ್, ಡೈಮನ್, ಆಟೀನ್, ಇಸ್ಪೀಟು, ಕೊನೆಗೆ ತುರುಪಿಲ್ಲದ 'ನೋ ಟ್ರಂಪ್', ಇದು ಏರುವ ಮೆಟ್ಟಿಲು.

ಗಮನಿಸಿ, ಕೂಗಲು ಸಿಗುವ ಪದಗಳೆಷ್ಟು? ಒಂದರಿಂದ ಏಳರವರೆಗೆ ಅಂಕಿಗಳು, ಐದು ಹೆಸರುಗಳು, ಜೊತೆಗೆ ಪಾಸ್, ಡಬಲ್, ರೀಡಬಲ್. ಒಟ್ಟು ಹದಿನೈದು. ಒಬ್ಬರ ಕೈಗೆ ಬರಬಹುದಾದ ಹದಿಮೂರು ಎಲೆಗಳ ಬಗೆ 63,501 ಕೋಟಿಗೂ ಹೆಚ್ಚು. ಅಷ್ಟು ಬಗೆಯ ಕೈಗಳನ್ನು ಹದಿನೈದು ಪದಗಳಲ್ಲಿ ಜೊತೆಗಾರನಿಗೆ ತಿಳಿಸಬೇಕು. ಅದೂ ಎದುರಾಳಿಗಳು ಕೇಳಿಸಿಕೊಳ್ಳುತ್ತಿರುವಾಗ. ಎಲೆ ಹಾಕುವುದು ಆಮೇಲಿನ ಮಾತು. ಬಹಳಷ್ಟು ಸಲ ಸೋಲು ಗೆಲುವು ಈ ಪುಟ್ಟ ಸಂಭಾಷಣೆಯಲ್ಲೇ ತೀರ್ಮಾನವಾಗಿಬಿಟ್ಟಿರುತ್ತದೆ.

ಅಳೆಯುವುದಕ್ಕೆ ಒಂದು ಮೋಟು ಕೋಲಿದೆ: ಎಕ್ಕಕ್ಕೆ 4, ರಾಜನಿಗೆ 3, ರಾಣಿಗೆ 2, ಗುಲಾಮನಿಗೆ 1. ಇಡೀ ಕಟ್ಟಿನಲ್ಲಿ 40 ಅಂಕ. ಇಬ್ಬರ ಕೈ ಸೇರಿ 25-26 ಇದ್ದರೆ ನಾಲ್ಕು ಇಸ್ಪೀಟಿನಂಥ 'ಗೇಮ್', ಅಂದರೆ ಹೆಚ್ಚುವರಿ ಅಂಕ ತರುವ ಕೂಗು, ಆಗುವ ಸಂಭವ ಚೆನ್ನಾಗಿದೆ ಎಂಬುದು ರೂಢಿ. ಆದರೆ ಅಂಕ ಅರ್ಧ ಕಥೆ. ಒಂದು ಜಾತಿಯಲ್ಲಿ ಎಲೆ ಕಡಿಮೆ, ತುರುಪು ಜಾಸ್ತಿ ಇದ್ದರೆ ಅಂಕ ಕಡಿಮೆಯಿದ್ದರೂ ಕೆಲಸ ನಡೆಯುತ್ತದೆ.

ಏಳನೇ ಬೋರ್ಡು

ಈಗ ಭಾವ, ಭಾಮೈದರ ಜಗಳಕ್ಕೆ ಬರೋಣ. 'ಬೋರ್ಡು' ಎಂದರೆ ಒಂದು ಹಂಚಿಕೆ.

ಭಾವನ ಕೈ: ಇಸ್ಪೀಟು ಎಕ್ಕ, ರಾಜ, 8, 7, 4, ಆಟೀನ್ ಎಕ್ಕ, 5, ಡೈಮನ್ ರಾಜ, ಗುಲಾಮ, 6, 2, ಕಳಾವರ್ 8, 3.

ಭಾಮೈದನ ಕೈ: ಇಸ್ಪೀಟು ರಾಣಿ, 6, 3, 2, ಆಟೀನ್ 9, 7, 6, 3, ಡೈಮನ್ ರಾಣಿ, 5, ಕಳಾವರ್ ರಾಜ, 7, 2.

ಭಾವ 'ಒಂದು ಇಸ್ಪೀಟು' ಎಂದರು: ನನಗೆ ಇಸ್ಪೀಟು ಐದಾದರೂ ಇವೆ, ಕೈ ಗಟ್ಟಿ. ಭಾಮೈದ 'ಎರಡು' ಎಂದ: ನಿಮ್ಮ ಇಸ್ಪೀಟು ನನಗೂ ಹೊಂದುತ್ತದೆ, ಆದರೆ ನನ್ನ ಅಂಕ ಆರರಿಂದ ಒಂಬತ್ತರೊಳಗೆ. ಭಾವ 'ಮೂರು' ಎಂದರು. ಇದು ಪ್ರಶ್ನೆ: ನಿನ್ನ ಕೈ ಆ ಅಳತೆಯಲ್ಲಿ ಮೇಲ್ಗಡೆಯದೋ ಕೆಳಗಡೆಯದೋ? ಮೇಲ್ಗಡೆಯದಾದರೆ ನಾಲ್ಕಕ್ಕೆ ಹೋಗು. ಎದುರಾಳಿಗಳು ಉದ್ದಕ್ಕೂ ಪಾಸ್. ಭಾಮೈದ ತನ್ನ ಅಂಕ ಎಣಿಸಿದ. ಏಳೇ. ಅವನೂ ಪಾಸ್ ಹೇಳಿದ.

ಆಡಿ ನೋಡಿದರೆ ಭಾವನಿಗೆ ಆಟೀನಿನಲ್ಲಿ ಒಂದು, ಡೈಮನ್ ಎಕ್ಕಕ್ಕೆ ಒಂದು ಟ್ರಿಕ್ ನಷ್ಟ ಖಂಡಿತ. ಕಳಾವರಿನಲ್ಲಿ ಒಂದು ಹೋಗುತ್ತದೋ ಎರಡೋ ಎಂಬುದು ಕಳಾವರ್ ಎಕ್ಕ ಯಾರ ಕೈಲಿದೆ ಎನ್ನುವುದರ ಮೇಲೆ. ಭಾವನ ಎಡಗಡೆಯವರಲ್ಲಿದ್ದರೆ ಅವರು ಭಾಮೈದನ ರಾಜನಿಗಿಂತ ಮೊದಲು ಎಲೆ ಹಾಕಬೇಕು, ರಾಜ ಉಳಿಯುತ್ತಾನೆ, ಹತ್ತು ಟ್ರಿಕ್ ಬರುತ್ತದೆ. ಬಲಗಡೆಯವರಲ್ಲಿದ್ದರೆ ರಾಜ ಸಾಯುತ್ತಾನೆ, ಒಂಬತ್ತೇ. ಆ ರಾತ್ರಿ ಎಕ್ಕ ಬಲಗಡೆ ಇತ್ತು. ಮೂರಕ್ಕೇ ನಿಂತವರಿಗೆ 140 ಅಂಕ ಬಂತು, ಇನ್ನೊಂದು ಟೇಬಲ್ಲಿನಲ್ಲಿ ನಾಲ್ಕು ಕೂಗಿದವರು 100 ಕಳೆದುಕೊಂಡರು. ಭಾಮೈದ ಖುಷಿಪಟ್ಟದ್ದು ಇದಕ್ಕೇ.

ಭಾವ ಕೇಳುವುದು ಬೇರೆ. ಎಕ್ಕ ಎಲ್ಲಿದೆ ಎಂದು ಪಾಸ್ ಹೇಳುವ ಹೊತ್ತಿಗೆ ನಿನಗೆ ಗೊತ್ತಿತ್ತಾ? ಇರಲಿಲ್ಲ. ಹಾಗಾದರೆ ಎಕ್ಕ ಎಡಕ್ಕಿರುವ ಸಂಭವ ಅರ್ಧಕ್ಕರ್ಧ. ಹೊರಗಿರುವ ನಾಲ್ಕು ತುರುಪೂ ಒಬ್ಬರಲ್ಲೇ ಸೇರಿಕೊಳ್ಳುವ ಕೆಟ್ಟ ಗಳಿಗೆ ನೂರಕ್ಕೆ ಹತ್ತು. ಅದನ್ನು ಕಳೆದರೆ ನಾಲ್ಕು ಇಸ್ಪೀಟು ಆಗುವ ಸಂಭವ ನೂರಕ್ಕೆ ಸುಮಾರು 45.

ಅರ್ಧಕ್ಕಿಂತ ಕಡಿಮೆ, ಅಂದಮೇಲೆ ಪಾಸ್ ಸರಿ ತಾನೆ? ಬ್ರಿಡ್ಜಿನ ಗಮ್ಮತ್ತು ಇಲ್ಲೇ. ಪ್ರತಿ ಹಂಚಿಕೆಯಲ್ಲೂ ಎರಡು ಪಕ್ಷಗಳು 'ವಲ್ನರೆಬಲ್' ಹೌದೋ ಅಲ್ಲವೋ ಎಂದು ಮೊದಲೇ ಗೊತ್ತಿರುತ್ತದೆ. ಹೌದಾದರೆ ಗೆದ್ದರೂ ಹೆಚ್ಚು, ಸೋತರೂ ಹೆಚ್ಚು. ಅಂಥ ಸ್ಥಿತಿಯಲ್ಲಿ ನಾಲ್ಕು ಇಸ್ಪೀಟು ಕೂಗಿ ಮಾಡಿದರೆ 620, ಮೂರೇ ಕೂಗಿ ಹತ್ತು ಟ್ರಿಕ್ ಮಾಡಿದರೆ 170. ವ್ಯತ್ಯಾಸ 450. ತಂಡಗಳ ಆಟದಲ್ಲಿ ಇಂಥ ವ್ಯತ್ಯಾಸವನ್ನು 'ಇಂಪ್' ಎಂಬ ಚಿಕ್ಕ ಮಾನಕ್ಕೆ ಇಳಿಸುತ್ತಾರೆ. 450ಕ್ಕೆ 10 ಇಂಪ್. ನಾಲ್ಕು ಕೂಗಿ ಒಂದರಿಂದ ಸೋತರೆ ವ್ಯತ್ಯಾಸ 240, ಅಂದರೆ 6 ಇಂಪ್.

ಇದೇ ಪ್ರಶ್ನೆ ನೂರು ಸಲ ಬಂತು ಎಂದುಕೊಳ್ಳಿ. ಪ್ರತಿ ಸಲ ನಾಲ್ಕು ಕೂಗಿದರೆ 45 ಸಲ ಹತ್ತತ್ತರಂತೆ 450 ಇಂಪ್ ಬರುತ್ತದೆ, 55 ಸಲ ಆರಾರರಂತೆ 330 ಹೋಗುತ್ತದೆ. ಲಾಭ 120. ವಲ್ನರೆಬಲ್ ಅಲ್ಲದಿದ್ದರೆ ಬರುವುದು 6, ಹೋಗುವುದು 5. ಆಗ 270 ಬಂದು 275 ಹೋಗುತ್ತದೆ, ಕೂಗಿದರೂ ಒಂದೇ ಬಿಟ್ಟರೂ ಒಂದೇ. ಅದೇ ಎಲೆಗಳು, ಅದೇ ಸಂಭವ, ಆದರೆ ಉತ್ತರ ಬೇರೆ. ಆ ರಾತ್ರಿ ಅವರು ವಲ್ನರೆಬಲ್. ಮೇಲಾಗಿ ಭಾಮೈದನಿಗೆ ನಾಲ್ಕನೇ ತುರುಪು ಇತ್ತು, ಡೈಮನ್ ಎರಡೇ ಇದ್ದವು. ಹೀಗಾಗಿ ಅಂಕ ಏಳಾದರೂ ಕೈ ಮೇಲ್ಗಡೆಯದು. ಅವನಿಗೆ ಒಳ್ಳೆಯದಾಯಿತು, ಆದರೆ ಅವನು ಮಾಡಿದ್ದು ಸರಿಯಲ್ಲ.

ಎಲ್ಲರಿಗೂ ಒಂದೇ ಮಳೆ

ಕಾಫಿ ಬೆಳೆಗಾರರಿಗೆ ಈ ತರ್ಕವನ್ನು ಹೊಸದಾಗಿ ಹೇಳಿಕೊಡಬೇಕಿಲ್ಲ. ದರ ಏರಿದ ವರ್ಷ ಫಸಲು ಹಿಡಿದಿಟ್ಟವನು ಜಾಣ, ಇಳಿದ ವರ್ಷ ಅವನೇ ದಡ್ಡ. ಹೂಮಳೆಗೆ ಕಾದು ಸ್ಪ್ರಿಂಕ್ಲರ್ ಹಾಕದೆ ಕೂತವನನ್ನು ಊರು ಅಳೆಯುವುದು ಮಳೆ ಬಂತೋ ಇಲ್ಲವೋ ಎಂಬುದರಿಂದ. ಅಳೆಯಲು ಬೇರೆ ದಾರಿಯೂ ಇಲ್ಲ. ಒಂದು ಗುಡ್ಡದ ಈಚೆ ಒಂದಿಂಚು ಸುರಿದರೆ ಆಚೆ ಇಪ್ಪತ್ತು ಸೆಂಟ್, ಅಂದರೆ ಇಂಚಿನ ಐದನೇ ಒಂದು ಪಾಲು ಕೂಡ ಆಗಿರುವುದಿಲ್ಲ. ಎರಡು ತೋಟಗಳನ್ನು ಹೋಲಿಸುವುದು ಹೇಗೆ?

ಬ್ರಿಡ್ಜಿನ 'ಡ್ಯೂಪ್ಲಿಕೇಟ್' ಪದ್ಧತಿಯಲ್ಲಿ ಎಲ್ಲರ ತೋಟಕ್ಕೂ ಒಂದೇ ಮಳೆ. ಒಂದು ಟೇಬಲ್ಲಿನಲ್ಲಿ ಹಂಚಿದ ಎಲೆಗಳನ್ನೇ ಬೇರೆ ಟೇಬಲ್ಲಿಗೂ ಕೊಡುತ್ತಾರೆ. ಕೆಟ್ಟ ಎಲೆ ಬಂದದ್ದಕ್ಕೆ ಯಾರೂ ಗೊಣಗುವಂತಿಲ್ಲ, ಅದೇ ಕೆಟ್ಟ ಎಲೆಯಲ್ಲಿ ಇನ್ನೊಬ್ಬರು ಏನು ಮಾಡಿದರು ಎಂಬುದಷ್ಟೇ ಲೆಕ್ಕ. ಕ್ಲಬ್ಬಿನಲ್ಲಿ ಇದಕ್ಕೆ ಎಲೆಗಳನ್ನು ಖಾನೆಗಳಲ್ಲಿ ಇಟ್ಟು ಟೇಬಲ್ಲಿನಿಂದ ಟೇಬಲ್ಲಿಗೆ ಸಾಗಿಸಬೇಕು, ಚೀಟಿಯಲ್ಲಿ ಅಂಕ ಬರೆಯಬೇಕು. ಕಂಪ್ಯೂಟರಿಗೆ ಅದು ಲೆಕ್ಕಕ್ಕೇ ಇಲ್ಲದ ಕೆಲಸ.

ಅಂತರ್ಜಾಲದಲ್ಲಿ ಬ್ರಿಡ್ಜ್ ಶುರುವಾಗಿ ಮೂರು ದಶಕ ಕಳೆದಿದೆ. 1990ರಲ್ಲೇ 'ಓಕೆ ಬ್ರಿಡ್ಜ್' ಬಂತು. 2001ರಲ್ಲಿ ಕೆನಡಾದ ಆಟಗಾರ ಫ್ರೆಡ್ ಗಿಟೆಲ್‌ಮನ್ 'ಬ್ರಿಡ್ಜ್ ಬೇಸ್ ಆನ್‌ಲೈನ್' ತೆರೆದರು. ಆಟಗಾರರ ಬಾಯಲ್ಲಿ ಅದು 'ಬಿಬಿಒ'. ಉಚಿತವಾಗಿ ಕೂತು ಆಡಬಹುದಾದ ಆ ತಾಣ ಬ್ರಿಡ್ಜ್ ಲೋಕದ ಸಂತೆಮಾಳವಾಯಿತು. 2020ರ ಮಾರ್ಚ್‌ನಲ್ಲಿ ಕೊರೊನಾದಿಂದ ಕ್ಲಬ್ಬುಗಳ ಬಾಗಿಲು ಮುಚ್ಚಿದಾಗ ಅಲ್ಲಿಯವರೆಗೆ ಮೂಗು ಮುರಿಯುತ್ತಿದ್ದ ಹಿರಿಯರೂ ಮಕ್ಕಳ ಕೈಲಿ ಆ್ಯಪ್ ಹಾಕಿಸಿಕೊಂಡರು. ಮುಖ ನೋಡಿ, ಮಾತಾಡಿ ಆಡಬಹುದಾದ 'ರಿಯಲ್‌ಬ್ರಿಡ್ಜ್' ಎಂಬ ತಾಣ ಅದೇ ವರ್ಷ ಹುಟ್ಟಿತು.

ತಾಣದೊಳಗೆ ಏನಿದೆ

ಟೇಬಲ್ಲಿನಲ್ಲಿ ಕೂತರೆ ನಿಮ್ಮ ಎಲೆಗಳು ಕೆಳಗೆ ಜೋಡಿಸಿಕೊಂಡು ಬರುತ್ತವೆ. ಕೂಗಲು ಒಂದು ಪೆಟ್ಟಿಗೆಯಿದೆ, ನಿಯಮ ಮೀರಿದ ಕೂಗನ್ನು ಅದು ಒತ್ತಲೇ ಬಿಡುವುದಿಲ್ಲ. ಕೈಲಿ ಜಾತಿ ಇಟ್ಟುಕೊಂಡು ಬೇರೆ ಎಲೆ ಹಾಕುವ ಹಳೆಯ ತಪ್ಪಂತೂ ಇಲ್ಲಿ ಸಾಧ್ಯವೇ ಇಲ್ಲ. ಬೆರಳು ಜಾರಿ ತಪ್ಪು ಎಲೆ ಬಿದ್ದರೆ 'ಅನ್‌ಡೂ' ಕೇಳಬಹುದು, ಎದುರಾಳಿಗಳು ಒಪ್ಪಬೇಕು. ಉಳಿದ ಟ್ರಿಕ್‌ಗಳೆಲ್ಲ ನಿಮ್ಮವೇ ಎಂದು ಖಚಿತವಾದರೆ 'ಕ್ಲೇಮ್' ಮಾಡಿ ಮುಗಿಸಬಹುದು.

ಬಹಳ ಜಾಣತನದ ಏರ್ಪಾಡು 'ಅಲರ್ಟ್'. ಜೋಡಿಗಳು ಕೂಗಿಗೆ ವಿಶೇಷ ಅರ್ಥ ಕೊಟ್ಟುಕೊಂಡಿರುತ್ತವೆ. ಆ ಅರ್ಥ ಎದುರಾಳಿಗಳಿಗೂ ತಿಳಿದಿರಬೇಕೆಂಬುದು ಆಟದ ಧರ್ಮ, ಬ್ರಿಡ್ಜಿನಲ್ಲಿ ಗುಟ್ಟಿನ ಸಂಕೇತಕ್ಕೆ ಜಾಗವಿಲ್ಲ. ಎದುರುಬದುರು ಕೂತಾಗ ನನ್ನ ಕೂಗಿನ ಅರ್ಥವನ್ನು ನನ್ನ ಜೊತೆಗಾರ ವಿವರಿಸುತ್ತಾನೆ. ಅವನು ತಪ್ಪು ಹೇಳಿದರೆ ಅವನು ಮರೆತಿದ್ದಾನೆಂಬುದು ನನಗೆ ಗೊತ್ತಾಗಿಬಿಡುತ್ತದೆ, ಜಗಳ ಹುಟ್ಟುತ್ತದೆ. ಆನ್‌ಲೈನ್‌ನಲ್ಲಿ ಕೂಗಿದವರೇ ವಿವರಣೆ ಬರೆಯಬೇಕು. ಅದು ಎದುರಾಳಿಗಳಿಗೆ ಮಾತ್ರ ಕಾಣುತ್ತದೆ, ಜೊತೆಗಾರನಿಗೆ ಕಾಣುವುದಿಲ್ಲ.

ನಿಟ್ಟುಸಿರು, ಹುಬ್ಬು ಏರಿಸುವುದು, 'ಪಾಸ್' ಎಂಬುದನ್ನು ಎಳೆದು ಹೇಳುವುದು, ಇವೂ ಪರದೆಯ ಮೇಲೆ ಮಾಯ. ಆದರೆ ತಡ ಮಾತ್ರ ಉಳಿದುಕೊಂಡಿದೆ. ಎದುರುಬದುರು ಆಡುವಾಗ ಜೊತೆಗಾರ ತುಂಬ ಹೊತ್ತು ಯೋಚಿಸಿ ಪಾಸ್ ಹೇಳಿದರೆ ಅವನ ಕೈಲಿ ಏನೋ ಇದೆ ಎಂಬ ಸುಳಿವು ಸಿಗುತ್ತದೆ, ಅದನ್ನು ಬಳಸಿಕೊಳ್ಳುವುದು ತಪ್ಪು. ಆದರೆ ಪಾಳ್ಯದಿಂದ ಬಂದ ಪಾಸ್ ಅರ್ಧ ನಿಮಿಷ ತಡವಾದರೆ? ಅದು ಯೋಚನೆಯೋ, ಕರೆಂಟ್ ಹೋಗಿ ಯುಪಿಎಸ್ ಗುಯ್‌ಗುಟ್ಟಿದ್ದೋ, ಟವರಿನ ಸಿಗ್ನಲ್ ಮಳೆಯಲ್ಲಿ ನೆನೆದದ್ದೋ ಯಾರಿಗೂ ಹೇಳಲು ಬಾರದು. ಮಲೆನಾಡಿನ ನೆಟ್‌ವರ್ಕ್ ಒಂದು ಲೆಕ್ಕದಲ್ಲಿ ಮುಖವಾಡದ ಕೆಲಸ ಮಾಡುತ್ತದೆ.

ಜನ ಸಾಲದಿದ್ದರೆ ಯಂತ್ರಗಳಿವೆ. ಬಿಬಿಒದ ಯಂತ್ರ ಆಟಗಾರ 'ಜಿಬ್', ಅಮೆರಿಕದ ವಿಜ್ಞಾನಿ ಮ್ಯಾಥ್ಯೂ ಗಿನ್ಸ್‌ಬರ್ಗ್ 1990ರ ದಶಕದಲ್ಲಿ ಕಟ್ಟಿದ್ದು. ತೋಟದ ಕೆಲಸ ಮುಗಿಸಿ ರಾತ್ರಿ ಹನ್ನೊಂದಕ್ಕೆ ಬಂದರೂ ನಾಲ್ಕನೆಯ ಕುರ್ಚಿ ಈಗ ಖಾಲಿಯಿರುವುದಿಲ್ಲ. ಯಂತ್ರದ ಕೂಗಿನ ಮೇಲೆ ಬೆರಳಿಟ್ಟರೆ ಅದರ ಅರ್ಥವೂ ಕಾಣುತ್ತದೆ, ಕಲಿಯುವವರಿಗೆ ಇದು ತಾಳ್ಮೆಗೆಡದ ಮೇಷ್ಟ್ರು. ಆದರೂ ಒಂದು ಸಂಗತಿ ನೆನಪಿರಲಿ. 1997ರಲ್ಲಿ ಚೆಸ್‌ನಲ್ಲಿ, 2016ರಲ್ಲಿ 'ಗೋ' ಆಟದಲ್ಲಿ ಯಂತ್ರ ಮನುಷ್ಯನನ್ನು ಸೋಲಿಸಿತು. 2022ರ ಮಾರ್ಚ್‌ನಲ್ಲಿ ಪ್ಯಾರಿಸ್‌ನಲ್ಲಿ 'ನೂಕ್' ಎಂಬ ಯಂತ್ರ ಎಂಟು ವಿಶ್ವ ಚಾಂಪಿಯನ್ನರನ್ನು ಬ್ರಿಡ್ಜಿನಲ್ಲಿ ಹಿಂದೆ ಹಾಕಿತು. ಆದರೆ ಆ ಪಂದ್ಯದಲ್ಲಿ ಕೂಗಾಟವನ್ನೇ ಕೈಬಿಟ್ಟಿದ್ದರು, ಎಲೆ ಆಡುವ ಭಾಗವಷ್ಟೇ ಇತ್ತು. ಆ ಹದಿನೈದು ಪದಗಳನ್ನು ಕಟ್ಟಿಕೊಂಡು ಹೆಣಗುವುದು ಅಂದು ಪರೀಕ್ಷೆಗೇ ಬರಲಿಲ್ಲ.

ನೆರಳಿನ ಕಡೆ

ಮೋಸ ಇಲ್ಲವೇ? ಇದೆ, ಮತ್ತು ಸುಲಭ. ತಾಣಗಳಲ್ಲಿ ಬೇರೆಯವರ ಆಟ ನೋಡುತ್ತ ಕೂರಬಹುದು, ನೋಡುಗರಿಗೆ ನಾಲ್ವರ ಎಲೆಯೂ ಕಾಣುತ್ತದೆ. ಇನ್ನೊಂದು ಹೆಸರಿನಲ್ಲಿ ತನ್ನ ಟೇಬಲ್ಲನ್ನೇ ಇಣುಕಿದರೆ? 2020ರಲ್ಲಿ ವಿಶ್ವಮಟ್ಟದ ಕೆಲವು ಆಟಗಾರರು ಹೀಗೆ ಮಾಡಿದ್ದನ್ನು ಒಪ್ಪಿಕೊಂಡು ತಲೆ ತಗ್ಗಿಸಿದರು. ಅವರು ಸಿಕ್ಕಿಬಿದ್ದದ್ದು ಹೇಗೆಂದರೆ, ತಾಣದಲ್ಲಿ ಪ್ರತಿ ಕೂಗು, ಪ್ರತಿ ಎಲೆ ದಾಖಲಾಗಿರುತ್ತದೆ. ಕಾಣದ ಎಲೆ ಕಂಡವನಂತೆ ಪದೇ ಪದೇ ಆಡಿದರೆ ಆ ದಾಖಲೆಯೇ ಸಾಕ್ಷಿ ಹೇಳುತ್ತದೆ. ಒಂದೇ ಮನೆಯ ಇಬ್ಬರು ಜೋಡಿಯಾಗಿ ಆಡುವುದಾದರೆ ಬೇರೆ ಬೇರೆ ಕೋಣೆಯಲ್ಲಿ ಕೂರುವುದು ಮರ್ಯಾದೆ.

ಇನ್ನೊಂದು ಎಚ್ಚರ ದುಡ್ಡಿನದು. ಹಣ ಕಟ್ಟಿ ಹಣ ಗೆಲ್ಲುವ ಆನ್‌ಲೈನ್ ಆಟಗಳನ್ನು, ಕೌಶಲದ್ದಾಗಲಿ ಅದೃಷ್ಟದ್ದಾಗಲಿ, ಕೇಂದ್ರ ಸರ್ಕಾರ 2025ರ ಆಗಸ್ಟ್‌ನ ಕಾಯ್ದೆಯಲ್ಲಿ ನಿಷೇಧಿಸಿದೆ. ಬ್ರಿಡ್ಜಿಗೆ ದುಡ್ಡಿನ ಹಂಗು ಬೇಕಿಲ್ಲ. ಪಣವಿಲ್ಲದೆಯೂ ರುಚಿಸುವ ಎಲೆಯಾಟ ಇದು.

ಫಲಿತಾಂಶ ಮುಚ್ಚಿಟ್ಟು ಕೇಳಿ

ಆಟ ಮುಗಿದ ಕ್ಷಣದಲ್ಲಿ ತಾಣ ನಾಲ್ವರ ಎಲೆಗಳನ್ನೂ ತೆರೆದಿಡುತ್ತದೆ. ಅದೇ ಎಲೆಯಲ್ಲಿ ಬೇರೆಯವರು ಏನು ಕೂಗಿದರು, ಎಷ್ಟು ಮಾಡಿದರು, ನಾಲ್ವರ ಎಲೆಯೂ ಕಂಡಿದ್ದರೆ ಎಷ್ಟು ಮಾಡಬಹುದಿತ್ತು, ಎಲ್ಲ ಒಂದೇ ಪುಟದಲ್ಲಿ. ಕಲಿಯಲು ಇದಕ್ಕಿಂತ ಒಳ್ಳೆಯದಿಲ್ಲ, ದಾರಿ ತಪ್ಪಲು ಇದಕ್ಕಿಂತ ಸುಲಭವೂ ಇಲ್ಲ. ಎಲ್ಲ ಎಲೆ ಕಂಡಮೇಲೆ ಯಾರು ಬೇಕಾದರೂ ಪಂಡಿತರೇ. 'ಎಕ್ಕ ಬಲಗಡೆ ಇದೆ, ಪಾಸ್ ಸರಿ' ಎನ್ನಲು ಯಾವ ಬುದ್ಧಿಯೂ ಬೇಡ.

ಅದಕ್ಕೇ ಪಳಗಿದವರು ಅಭಿಪ್ರಾಯ ಕೇಳುವ ಕ್ರಮವೇ ಬೇರೆ. ತಮ್ಮ ಹದಿಮೂರು ಎಲೆ, ಯಾರು ವಲ್ನರೆಬಲ್, ಅಲ್ಲಿಯವರೆಗಿನ ಕೂಗು, ಇಷ್ಟನ್ನೇ ಕೊಟ್ಟು 'ನೀವಾಗಿದ್ದರೆ ಏನು ಹೇಳುತ್ತಿದ್ದಿರಿ' ಎನ್ನುತ್ತಾರೆ. ಜೊತೆಗಾರನ ಕೈ ತೋರಿಸುವುದಿಲ್ಲ, ಕೊನೆಗೆ ಏನಾಯಿತು ಎನ್ನುವುದಿಲ್ಲ, ತಾವು ಏನು ಹೇಳಿದೆವು ಎಂಬುದನ್ನೂ ಬಿಟ್ಟುಕೊಡುವುದಿಲ್ಲ. ಉತ್ತರ ಬಂದಮೇಲಷ್ಟೇ ಉಳಿದ ಎಲೆ ಬಿಚ್ಚುತ್ತಾರೆ. ಹೀಗೆ ಕೇಳಿದರೆ ಹತ್ತು ಜನರಲ್ಲಿ ಎಂಟು ಜನ ನಾಲ್ಕು ಎನ್ನಬಹುದು, ಇಬ್ಬರು ಪಾಸ್ ಎನ್ನಬಹುದು. ಆ ಇಬ್ಬರ ಕಾರಣವನ್ನು ಕೇಳಿಸಿಕೊಳ್ಳುವುದರಲ್ಲೇ ಪಾಠವಿದೆ.

ಬ್ರಿಡ್ಜ್ ಶುರುಮಾಡುವವರಿಗೆ ಹೇಳುವುದಿಷ್ಟೇ. ಕೂಗಿನ ಪದ್ಧತಿಗಳನ್ನು ಒಟ್ಟಿಗೇ ಉರು ಹೊಡೆಯಬೇಡಿ, ಹತ್ತು ಒಪ್ಪಂದ ಸಾಕು, ಅವು ಇಬ್ಬರಿಗೂ ಒಂದೇ ರೀತಿ ನೆನಪಿರಲಿ. ಗುರುತಿಲ್ಲದ ಹತ್ತು ಜನರಿಗಿಂತ ಗುರುತಿರುವ ಒಬ್ಬ ಜೊತೆಗಾರ ಮೇಲು. ಆಡುವಾಗ ಚಾಟ್ ಪೆಟ್ಟಿಗೆಯಲ್ಲಿ ಬೈಯಬೇಡಿ. ಮುಗಿದಮೇಲೆ ಇಪ್ಪತ್ತು ಬೋರ್ಡುಗಳನ್ನೂ ಕೆದಕದೆ ಒಂದನ್ನೇ ಆರಿಸಿ, ಅಂಕದ ಕಾಲಂ ಮೇಲೆ ಕೈ ಅಡ್ಡ ಇಟ್ಟು ನೋಡಿ: ಆ ಹೊತ್ತಿಗೆ ನನಗೆ ಏನು ಗೊತ್ತಿತ್ತು, ಅಷ್ಟರಲ್ಲಿ ನಾನು ಹೇಳಿದ್ದು ಸರಿಯೇ? ಆಮೇಲೆ ಜೊತೆಗಾರನಿಗೆ ಫೋನ್ ಮಾಡಿ. ನಿಮಗೆ ಒಳ್ಳೆಯದಾದ ಬೋರ್ಡಿನಿಂದಲೇ ಮಾತು ಶುರುಮಾಡಿ.